‘ರಾಜವಂಶ’ ಅಂದರೆ ಅಪ್ಪ-ಮಗ ಒಂದೇ ಕಡೆ ಇರಬೇಕಲ್ವಾ?

ಎಲ್ಲರಿಗೂ ನಮಸ್ಕಾರ,

ಹಳೆಯ ಈಜಿಪ್ಟಿನ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡೈನಾಸ್ಟಿ’ ಬಂದಲ್ಲೆಲ್ಲ ಸುಮ್ನೆ ‘ರಾಜವಂಶ’ ಎಂದು ಬರೆದುಕೊಂಡು ಹೋಗುತ್ತಿದ್ದೆ. 17ನೇ ಡೈನಾಸ್ಟಿ ಮುಗಿದು 18ನೆಯದು ಶುರುವಾಗುವ ಕಡೆ ಕೈ ನಿಂತಿತು.

18ನೆಯದರ ಮೊದಲ ಅರಸ ಅಹ್ಮೋಸ್. ಕ್ರಿ.ಪೂ. 1550ರ ಆಸುಪಾಸಿನವನು, ಉತ್ತರ ಈಜಿಪ್ಟನ್ನು ಆಳುತ್ತಿದ್ದ ಹೊರಗಿನ ಮೂಲದ ಹಿಕ್ಸೋಸರನ್ನು ಓಡಿಸಿದವನು. ಇವನಪ್ಪ ಸೆಕೆನೆನ್ರೆ ತಾವೊ. ತಲೆಬುರುಡೆಯಲ್ಲಿ ಕೊಡಲಿ ಏಟಿನ ಗಾಯ ಈಗಲೂ ಕಾಣುವ ಮಮ್ಮಿ ಅವನದೇ. ಅವನು ಮಾತ್ರ 17ನೆಯದರಲ್ಲಿ! ಅಪ್ಪ ಒಂದು ವಂಶ, ಮಗ ಇನ್ನೊಂದು ವಂಶ ಹೇಗೆ ಎಂದು ಐದನೇ ಕ್ಲಾಸಿನ ಮಗು ಕೇಳಿದರೆ ಏನು ಹೇಳಲಿ? ಇತ್ತ 18ರ ಕೊನೆಯ ಅರಸ ಹೊರೆಮ್ಹೆಬ್ ಒಬ್ಬ ದಂಡನಾಯಕ, ರಾಜನ ಮಗನಲ್ಲ. ಆದರೂ ಅದೇ ‘ವಂಶ’ದ ಲೆಕ್ಕ.

ಈ ವಿಂಗಡಣೆ ಮನೆಥೋ ಎಂಬ ಈಜಿಪ್ಟಿನ ಪೂಜಾರಿಯದು. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕಿನಲ್ಲಿ ಬರೆದ. ಗ್ರೀಕಿನ ‘ದುನಾಸ್ತೇಯ’ ಅಂದರೆ ಆಳುವ ಬಲ, ಒಡೆತನ. ಅದರಲ್ಲಿ ನೆತ್ತರಿನ ಸುಳಿವಿಲ್ಲ. ನಮ್ಮ ‘ವಂಶ’ಕ್ಕೋ ಬಿದಿರು ಎಂದೂ ಅರ್ಥ, ಗೆಣ್ಣಿನ ಮೇಲೆ ಗೆಣ್ಣು, ಅಪ್ಪನ ಮೇಲೆ ಮಗ. ವಿಜಯನಗರದ ಸಂಗಮ, ಸಾಳುವ, ತುಳುವ, ಅರವೀಡು ಇವಕ್ಕೆ ಅದು ಸರಿಯಾಗಿ ಒಪ್ಪುತ್ತದೆ. ಅಲ್ಲಿ ನಿಜಕ್ಕೂ ಮನೆಯೇ ಬದಲಾಯಿತು.

ಈಗಿನ ಇರಾಕಿನಲ್ಲಿದ್ದ ಹಳೆಯ ಸುಮೇರಿಯನ್ನರ ದಾರಿ ಬೇರೆ. ಅವರ ಅರಸರ ಪಟ್ಟಿಯಲ್ಲಿ ಒಂದು ಊರು ಸೋತರೆ ಅರಸುತನ ಇನ್ನೊಂದು ಊರಿಗೆ ಹೋಗುತ್ತದೆ. ಕೀಶ್‌ನಿಂದ ಉರುಕ್‌ಗೆ, ಉರುಕ್‌ನಿಂದ ಊರ್‌ಗೆ. ಆಳುವ ಸರದಿಗೆ ಅವರಲ್ಲಿ ‘ಬಲ’ ಎಂಬ ಮಾತಿತ್ತು, ಅಲ್ಲಿನ ಇನ್ನೊಂದು ಹಳೆಯ ನುಡಿ ಅಕ್ಕಾಡಿಯನ್ನಿನಲ್ಲಿ ಅದು ‘ಪಲೂ’ ಆಯಿತು. ನನಗೆ ತಕ್ಷಣ ನಮ್ಮ ‘ಪಾಳಿ’ ನೆನಪಾಯಿತು. (ನಂಟು ಹುಡುಕಬೇಡಿ, ಬರೀ ಸದ್ದಿನ ಹೋಲಿಕೆ.) ಆದರೆ ‘18ನೇ ಪಾಳಿ’ ಅಂದರೆ ಫ್ಯಾಕ್ಟರಿ ಸೈರನ್ ಕೇಳಿಸುತ್ತದೆ.

‘ಅರಸುಮನೆತನ’ ಹಾಕಿದರೂ ಅದೇ ತೊಡಕು. ‘ಆಳ್ವಿಕೆ’ ಒಬ್ಬನದೇ ಅನಿಸುತ್ತದೆ. ‘18ನೇ ಅರಸೊತ್ತಿಗೆ’ ಅಂದರೆ ಹೇಗೆ? ಕಿವಿಗೆ ಸ್ವಲ್ಪ ಹೊಸದು, ಆದರೆ ಅಪ್ಪ-ಮಗನ ಗೊಂದಲವಿಲ್ಲ. ಅರಸೊತ್ತಿಗೆಗೆ ಹೀಗೆ ಸಂಖ್ಯೆ ಹಚ್ಚಿದ್ದನ್ನು ಯಾರಾದರೂ ನೋಡಿದ್ದೀರಾ? ಬೇರೆ ಪದವಿದ್ದರೂ ಬೇಗ ತಿಳಿಸಿ, ಇನ್ನೂ 12 ಡೈನಾಸ್ಟಿ ಬಾಕಿ ಇವೆ.