ಸಹಾಯ ಬೇಕು: ನಾಲ್ಕು ಊರಿನ ಅಂಗಡಿಗಳ ಕರೆಂಟ್ ಲೆಕ್ಕ ಒಂದೇ ಕಡೆ ಸಿಗೋ ಹಾಗೆ ಮಾಡೋದು ಹೇಗೆ?

ನಮಸ್ಕಾರ. ನಮ್ಮದು ಬೇಕರಿ. ಹುಬ್ಬಳ್ಳಿ, ಗದಗದಲ್ಲಿ ಹೆಸ್ಕಾಂ, ದಾವಣಗೆರೆಯಲ್ಲಿ ಬೆಸ್ಕಾಂ, ಶಿವಮೊಗ್ಗದಲ್ಲಿ ಮೆಸ್ಕಾಂ. ಎಷ್ಟು ಯೂನಿಟ್ ಅಂತ ಬಿಲ್ ಹೇಳುತ್ತೆ, ಯಾವ ಹೊತ್ತಲ್ಲಿ, ಯಾವ ಮಷೀನಿಗೆ ಅಂತ ಹೇಳಲ್ಲ. ಗದಗದಲ್ಲಿ ರಾತ್ರಿ ಶಟರ್ ಎಳೆದ ಮೇಲೂ ಮೀಟರ್ ಜೋರಾಗಿ ಓಡ್ತಿದೆ. ಡೀಪ್ ಫ್ರೀಜರ್ ಬಾಗಿಲಿನ ರಬ್ಬರ್ ಸಡಿಲವಾಗಿ ಕಂಪ್ರೆಸರ್ ನಿಲ್ತಾನೇ ಇಲ್ಲವೇನೋ ಅಂತ ಅನುಮಾನ. ಶಿವಮೊಗ್ಗದಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) 0.78ಕ್ಕೆ ಇಳಿದು ದಂಡ ಬಿದ್ದಿದೆ. ಅದನ್ನ ಸರಿ ಮಾಡೋಕೆ ಕೆಪಾಸಿಟರ್ ಹಾಕಿಸ್ತೀವಿ, ಆದ್ರೆ ಅದು ಕೆಟ್ಟರೆ ಅವತ್ತೇ ಗೊತ್ತಾಗಬೇಕಲ್ವಾ?

ಪ್ಯಾನೆಲ್‌ಗೆ ಸಿಟಿ (ವೈರಲ್ಲಿ ಹರಿಯೋ ಕರೆಂಟ್ ಅಳೆಯೋಕೆ ಹಾಕೋ ಕರೆಂಟ್ ಟ್ರಾನ್ಸ್‌ಫಾರ್ಮರ್), ಮಾಡ್‌ಬಸ್ (ರೀಡಿಂಗ್ ಬೇರೆ ಸಾಧನಕ್ಕೆ ಕಳಿಸೋ ವಿಧಾನ) ಇರೋ ಮೀಟರ್, ಆ ರೀಡಿಂಗನ್ನ ಮೊಬೈಲ್ ನೆಟ್‌ವರ್ಕಲ್ಲಿ ಕಳಿಸೋ 4ಜಿ ಗೇಟ್‌ವೇ ಹಾಕಿಸಿ ಅಂತಾರೆ ಎಲೆಕ್ಟ್ರಿಷಿಯನ್. ಹೀಗೆ ಮಾಡಿಸಿರೋರು ಯಾರಾದ್ರೂ ಇದ್ದೀರಾ? ನೆಟ್‌ವರ್ಕ್ ಹೋದಾಗ ರೀಡಿಂಗ್ ಉಳಿಯುತ್ತಾ? ಓವನ್, ಫ್ರೀಜರ್‌ಗೆ ಬೇರೆ ಬೇರೆ ಮೀಟರ್ ಬೇಕಾ, ಮೇನ್‌ಗೆ ಒಂದೇ ಸಾಕಾ? ಒಂದು ಅಂಗಡಿಗೆ ಅಂದಾಜು ಎಷ್ಟು ಖರ್ಚಾಯ್ತು ಅಂತಲೂ ದಯವಿಟ್ಟು ತಿಳಿಸಿ.