[ಪದಚರ್ಚೆ] ಮುಂದೆ ಏನೂ ಇಲ್ಲದೆ ಕಾರು ತಾನೇ ಬ್ರೇಕ್ ಹಾಕಿದರೆ ಏನನ್ನಬೇಕು? (ತುರ್ತು)

ಹಾಸನದಿಂದ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಅಚ್ಚಿಗೆ ಹೋಗಬೇಕು, ಅದಕ್ಕೇ ನೇರ ಕೇಳುತ್ತಿದ್ದೇನೆ. ಬಿ.ಎಂ. ರಸ್ತೆಯ ವರ್ಕ್‌ಶಾಪ್ ಒಂದಕ್ಕೆ ಎರಡು ಪುಟದ ಕರಪತ್ರ, ಜೊತೆಗೊಂದು ಸ್ಟಿಕ್ಕರ್. ವಿಷಯ ‘ಫ್ಯಾಂಟಮ್ ಬ್ರೇಕಿಂಗ್’. ಎದುರಿಗೆ ಗಾಡಿಯಿಲ್ಲ, ದನವಿಲ್ಲ, ಜನವಿಲ್ಲ. ಆದರೂ ಕಾರಿನ ಸೆನ್ಸರ್ ಏನೋ ಇದೆ ಅಂದುಕೊಂಡು ಬ್ರೇಕ್ ಒತ್ತಿಬಿಡುತ್ತದೆ. ನಾನು ‘ಹುಸಿಬ್ರೇಕ್’ ಎಂದು ಬರೆದಿಟ್ಟಿದ್ದೇನೆ. ವರ್ಕ್‌ಶಾಪಿನವರು ‘ಭೂತಬ್ರೇಕ್’ ಅನ್ನುತ್ತಾರೆ. ಸ್ಟಿಕ್ಕರಿನಲ್ಲಿ ಎರಡೇ ಸಾಲು, ಸಾಲಿಗೆ 16 ಅಕ್ಷರ ದಾಟುವಂತಿಲ್ಲ.

ಮೂಡಿಗೆರೆಯಿಂದ, 6:42

ಭೂತ ಬೇಡವೇ ಬೇಡ. ಘಟ್ಟದಂಚಿನ ಊರುಗಳಲ್ಲಿ ಭೂತಕ್ಕೆ ಪೂಜೆ ಸಲ್ಲುತ್ತದೆ. ಸೆನ್ಸರಿನ ತಪ್ಪನ್ನು ಅದರ ತಲೆಗೆ ಕಟ್ಟಬೇಡಿ.

ಪದ ನಮ್ಮ ಗದ್ದೆಯಲ್ಲೇ ಇದೆ: ಬೆಚ್ಚು. ಹಳಗನ್ನಡದ ಬೆರ್ಚು, ಆಡುಮಾತಿನ ‘ಬೆರ್ಚಪ್ಪ’ನಲ್ಲಿ ಆ ರಕಾರ ಇನ್ನೂ ಬದುಕಿದೆ. ದಾರಿಯಲ್ಲಿ ಬಿದ್ದ ಗೋಣಿಚೀಲ ಕಂಡು ಎತ್ತು ಬೆಚ್ಚುತ್ತದಲ್ಲ, ಚೀಲ ಇರುವುದು ದಿಟ, ಅದು ಹುಲಿಯಲ್ಲ ಅಷ್ಟೆ. ಕಾರೂ ಅದನ್ನೇ ಮಾಡುತ್ತದೆ. ‘ಬೆಚ್ಚುಬ್ರೇಕ್’ ಎಂದು ಹಾಕಿ, ಮುಗಿಯಿತು.

ಕಡೂರಿನಿಂದ, 7:05

> ಬೆಚ್ಚುಬ್ರೇಕ್

ಕನ್ನಡಕ್ಕೆ ಇಂಗ್ಲಿಷಿನ ಬಾಲ. ಅರಿಸಮಾಸ. ‘ತಡೆ’ ಇರುವಾಗ ಬ್ರೇಕ್ ಏಕೆ? ಹುಸಿ + ತಡೆ = ಹುಸಿದಡೆ, ಬೆಟ್ಟದಾವರೆಯ ಹಾಗೆ. ರಸ್ತೆಯ ಮೇಲೆ ಓಡುವ ಗಾಡಿಗೆ ಒಂದು ಕನ್ನಡ ಪದ ಕೊಡಲಾರದಷ್ಟು ಬಡವರಾದೆವೇ?

ಹಾಸನದಿಂದ, 7:11

ಹುಸಿದಡೆ ಎಂದರೆ ಓದಿದವರು ಹೊಳೆಯ ದಡ ಅಂದುಕೊಳ್ಳುತ್ತಾರೆ, ಸರ್.

ಸಕಲೇಶಪುರದಿಂದ, 7:50

ಮೂವರೂ ವಿಶೇಷಣವನ್ನು ತಪ್ಪು ಜಾಗಕ್ಕೆ ಅಂಟಿಸುತ್ತಿದ್ದೀರಿ. ಹುಸಿಬಾಂಬ್ ಎಂದರೆ ಬಾಂಬ್ ಇಲ್ಲ. ಹಾಗಾದರೆ ಹುಸಿಬ್ರೇಕ್ ಎಂದರೆ? ಪೆಡಲ್ ತುಳಿದರೂ ಬ್ರೇಕ್ ಇಲ್ಲ! ಓದಿದವನು ಬ್ರೇಕ್ ಆಯಿಲ್ ನೋಡಿಸಲು ಓಡುತ್ತಾನೆ. ಇಲ್ಲಿ ಬ್ರೇಕ್ ಅಪ್ಪಟ ನಿಜ. ಬೇಕಾದರೆ ಹಿಂದೆ ಬರುವ ಬಸ್ಸಿನವನನ್ನು ಕೇಳಿ: ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ, ಅವನ ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಬಸ್ಸು ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಹುಸಿಯಾಗಿರುವುದು ಅಡ್ಡಿ. ‘ಹುಸಿ ಅಡ್ಡಿ’ ಅನ್ನಿ, ಬ್ರೇಕನ್ನು ಅದರ ಪಾಡಿಗೆ ಬಿಡಿ.

ಅಡ್ಡಿ ಹುಸಿಯಾಗುವುದು ಹೇಗೆ ಅನ್ನುವುದೂ ಕರಪತ್ರದಲ್ಲಿ ಬರಲಿ. ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಕೂತ ರಾಡಾರ್ (ಸಾಮಾನ್ಯವಾಗಿ 77 ಗಿಗಾಹರ್ಟ್ಸ್) ದೂರವನ್ನೂ ವೇಗವನ್ನೂ ಕರಾರುವಾಕ್ಕಾಗಿ ಅಳೆಯುತ್ತದೆ, ಎತ್ತರ ಅಳೆಯುವುದರಲ್ಲಿ ಹಲವು ರಾಡಾರ್‌ಗಳು ದಡ್ಡ. ಹಾಗಾಗಿ ಹೆದ್ದಾರಿಯ ಮೇಲೆ ಅಡ್ಡಲಾಗಿ ನಿಲ್ಲಿಸಿದ ಊರಿನ ಬೋರ್ಡು, ಮೇಲ್ಸೇತುವೆ, ಚರಂಡಿಗೆ ಹಾಸಿದ ಕಬ್ಬಿಣದ ತಗಡು ಇವೆಲ್ಲ ಅದರ ಕಣ್ಣಿಗೆ ನಿಂತ ಗಾಡಿಯಂತೆ ಕಾಣಬಹುದು. ಗಾಜಿನ ಒಳಗೆ, ಕನ್ನಡಿಯ ಹಿಂದಿರುವ ಕ್ಯಾಮೆರಾಕ್ಕೆ ಮರದ ಕಡುನೆರಳು, ಹೊಸ ಟಾರಿನ ತೇಪೆ ಸಾಕು. ಎಸ್ಟೇಟ್ ದಾರಿಯಲ್ಲಿ ಸಿಲ್ವರ್ ಓಕ್ ನೆರಳಿಗೆ ಬರವೇ? ತಿರುವಿನ ಕಥೆ ಬೇರೆ. ಶಿರಾಡಿಯಂಥ ಕಡೆ ದಾರಿ ಬಳಸುತ್ತದೆ, ರಾಡಾರ್ ಮಾತ್ರ ನೇರ ನೋಡುತ್ತದೆ; ತನ್ನ ಸಾಲಿನಲ್ಲಿ ಸರಿಯಾಗಿ ಬರುತ್ತಿರುವ ಎದುರಿನ ಟ್ಯಾಂಕರ್ ನಮ್ಮ ದಾರಿಯಲ್ಲೇ ಇದೆ ಎಂದು ಲೆಕ್ಕ ಹಾಕಿಬಿಡುತ್ತದೆ.

ಇನ್ನೊಂದು, ಬಂಪರ್ ರಿಪೇರಿ ಆದಮೇಲೆ ರಾಡಾರ್ ಕೂರಿಸುವುದು. ಬ್ರಾಕೆಟ್ ಅಡ್ಡಕ್ಕೆ ಒಂದೇ ಡಿಗ್ರಿ ತಿರುಗಿದರೂ 100 ಮೀಟರ್ ದೂರದಲ್ಲಿ 1.75 ಮೀಟರ್ ಪಕ್ಕಕ್ಕೆ ನೋಡುತ್ತದೆ, ಅಂದರೆ ಮೂರೂವರೆ ಮೀಟರ್ ಲೇನಿನಲ್ಲಿ ಅರ್ಧ. ರಸ್ತೆ ಬದಿಗೆ ನಿಲ್ಲಿಸಿದ ಲಾರಿ ನಡುರೋಡಿಗೆ ಬಂದಂತಾಯಿತು. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾಕ್ಕೂ ಕ್ಯಾಲಿಬ್ರೇಷನ್ (ನೋಟವನ್ನು ಮತ್ತೆ ಸರಿಹೊಂದಿಸುವುದು) ಬೇಕು. ಗಾಜಿನ ಅಂಗಡಿಯಲ್ಲೇ ಇದನ್ನು ಮರೆಯುವುದು.

ಕ್ರಿಯಾಪದ ಇದಕ್ಕಿಂತ ಮುಖ್ಯ. ‘ಬ್ರೇಕ್ ಹಿಡಿಯಿತು’ ಎಂದು ಬರೆಯಲೇಬೇಡಿ. ಗ್ಯಾರೇಜಿನಲ್ಲಿ ಅದಕ್ಕೆ ಚಕ್ರದ ಬ್ರೇಕ್ ಬಿಗಿಯುವ ಕ್ಯಾಲಿಪರ್ ಜಾಮ್, ಚಕ್ರ ಬಿಸಿ ಎಂದೇ ಅರ್ಥ. ಜಾಬ್ ಕಾರ್ಡಿನಲ್ಲಿ ಹಾಗೆ ಬಿದ್ದರೆ ನಾಲ್ಕೂ ಚಕ್ರ ಬಿಚ್ಚುತ್ತಾರೆ, ರಾಡಾರ್ ಕಡೆ ತಲೆ ಹಾಕುವುದಿಲ್ಲ. ‘ಹಾಕಿತು’ ಎಂದರೆ ಯಾರು ಹಾಕಿದ್ದು ಎಂಬ ಪ್ರಶ್ನೆ. ‘ಬ್ರೇಕ್ ಬಿತ್ತು’ ಸರಿ. ಕ್ರೂಸ್ (ವೇಗವನ್ನು ಕಾರೇ ಕಾಯ್ದುಕೊಳ್ಳುವ ವ್ಯವಸ್ಥೆ) ಹಾಕಿದ್ದಾಗ ಪಕ್ಕದ ಲೇನಿನ ಗಾಡಿ ನೋಡಿ ಕಾರು ಮೆಲ್ಲಗಾಗುವುದನ್ನು ಇದರೊಂದಿಗೆ ಬೆರೆಸಬೇಡಿ, ಅದಕ್ಕೆ ‘ನಿಧಾನವಾಯಿತು’ ಸಾಕು.

ದೆವ್ವ ಭೂತದ ಹಂಗು ಇಂಗ್ಲಿಷಿಗೂ ಕಡ್ಡಾಯವಲ್ಲ. ತಾನೇ ಬೀಳುವ ತುರ್ತು ಬ್ರೇಕಿನ ಬಗೆಗಿನ ಅಮೆರಿಕದ 2024ರ ನಿಯಮ ಇದನ್ನು ‘ಫಾಲ್ಸ್ ಆಕ್ಟಿವೇಷನ್’ (ತಪ್ಪಾಗಿ ಚಾಲೂ ಆಗುವುದು) ಅನ್ನುತ್ತದೆ. ಅದರಲ್ಲಿ ಎರಡು ಪರೀಕ್ಷೆ: ನೆಲಕ್ಕೆ ಹಾಸಿದ ಉಕ್ಕಿನ ತಗಡಿನ ಮೇಲೆ ಹಾಯುವುದು, ನಿಂತ ಎರಡು ಕಾರುಗಳ ನಡುವೆ ಹಾಯುವುದು. ಎರಡರಲ್ಲೂ ಬ್ರೇಕ್ ಜೋರಾಗಿ ಬೀಳಕೂಡದು.

ಕಡೂರಿನಿಂದ, 8:02

ಹುಸಿಯಡ್ಡಿ. ಸಂಧಿ ಮಾಡಿ.

ಮತ್ತು ‘ಬ್ರೇಕ್’ ಬಗ್ಗೆ ಯಾರೂ ಉತ್ತರಿಸಿಲ್ಲ.

ಮೂಡಿಗೆರೆಯಿಂದ, 8:20

> ರಸ್ತೆಯ ಮೇಲೆ ಓಡುವ ಗಾಡಿಗೆ

ರಸ್ತೆ ಪಾರಸಿಯದು, ಗಾಡಿ ಉತ್ತರದಿಂದ ಬಂದದ್ದು. ಅವಕ್ಕೆ ಬಾಗಿಲು ತೆರೆದು ಬ್ರೇಕನ್ನು ಮಾತ್ರ ಹೊಸಿಲಾಚೆ ನಿಲ್ಲಿಸುವುದು ಯಾವ ನ್ಯಾಯ ಮೇಷ್ಟ್ರೇ? ಅರಿಸಮಾಸ ಅಂದಿರಿ, ‘ಮಳೆಗಾಲ’ದ ಕಾಲ ಸಂಸ್ಕೃತದ್ದು. ಅದಿಲ್ಲದೆ ಈ ಕಡೆ ವರ್ಷದ ನಾಲ್ಕು ತಿಂಗಳಿಗೆ ಹೆಸರೇ ಇಲ್ಲ. ಸಕಲೇಶಪುರದವರ ಮಾತು ಒಪ್ಪಿದೆ, ಆದರೂ ಬೆಚ್ಚು ಬಿಡಲಾರೆ. ‘ಸೆನ್ಸರ್ ಬೆಚ್ಚಿದರೆ’ ಎಂದು ಎಲ್ಲಾದರೂ ಒಂದು ಕಡೆ ತೂರಿಸಿ.

ಕಡೂರಿನಿಂದ, 8:24

ಶತಮಾನಗಳ ಹಿಂದೆ ಬಂದದ್ದು ಬೇರೆ, ನಿನ್ನೆ ಬಂದದ್ದು ಬೇರೆ. ವಾದ ಬೆಳೆಸಲಾರೆ.

ಹಾಸನದಿಂದ, 9:15

ಒಳಪುಟದಲ್ಲಿ ‘ಹುಸಿ ಅಡ್ಡಿ’ (ಬಿಡಿಸಿಯೇ, ಕ್ಷಮಿಸಿ ಸರ್), ಉಪಶೀರ್ಷಿಕೆಗೆ ‘ಸೆನ್ಸರ್ ಬೆಚ್ಚುವುದು ಎಲ್ಲೆಲ್ಲಿ’. ಸ್ಟಿಕ್ಕರ್ ಹೀಗೆ:

ಅಡ್ಡವಿಲ್ಲದೆ ಬ್ರೇಕ್ ಬಿದ್ದರೆ
ಮುಂದೆ ನೋಡಿ, ಆಕ್ಸಿಲರೇಟರ್ ಒತ್ತಿ

ಹತ್ತು ಅಕ್ಷರ, ಹನ್ನೆರಡು ಅಕ್ಷರ. ಕಳಿಸಲೇ?

ಸಕಲೇಶಪುರದಿಂದ, 9:31

‘ಮುಂದೆ ನೋಡಿ’ ಮೊದಲು ಬಂದದ್ದು ಒಳ್ಳೆಯದಾಯಿತು, ಅಡ್ಡಿ ನಿಜವೂ ಇರಬಹುದು. ‘ಒತ್ತಿ’ ತೆಗೆಯಿರಿ. ಒತ್ತುವುದು ಬೆರಳಿನಲ್ಲಿ, ಗುಂಡಿಯನ್ನು. ಹಲವು ಕಾರುಗಳಲ್ಲಿ ಆಕ್ಸಿಲರೇಟರನ್ನು ಗಟ್ಟಿಯಾಗಿ ಅದುಮಿದರೆ ಮಾತ್ರ ಈ ಬ್ರೇಕ್ ಬಿಡುತ್ತದೆ, ಮುಟ್ಟಿಸಿದರೆ ಸಾಲದು. ‘ತುಳಿಯಿರಿ’. ಹದಿನಾಲ್ಕಾಗುತ್ತದೆ, ಹಿಡಿಯುತ್ತದೆ. ಅಚ್ಚಿಗೆ ಮುಂಚೆ ಆ ಕಾರಿನ ಕೈಪಿಡಿಯಲ್ಲೂ ಹೀಗೇ ಇದೆಯೇ ಎಂದು ವರ್ಕ್‌ಶಾಪಿನವರಿಂದ ನೋಡಿಸಿ. ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ.

ಕಡೂರಿನಿಂದ, 9:33

‘ಅಡ್ಡವಿಲ್ಲದೆ’ ಅಲ್ಲ, ‘ಅಡ್ಡಿಯಿಲ್ಲದೆ’.

ಮೂಡಿಗೆರೆಯಿಂದ, 9:36

‘ಅಡ್ಡಿಯಿಲ್ಲದೆ ಬ್ರೇಕ್ ಬಿತ್ತು’ ಎಂದರೆ ಸರಾಗವಾಗಿ ಬಿತ್ತು ಎಂದಾಗುತ್ತದೆ. ‘ಅಡ್ಡ’ವೇ ಇರಲಿ.