ವೆರಿಫಿಕೇಶನ್ ಪಾಸ್ ಆದ್ಮೇಲೂ ವ್ಯಾಲಿಡೇಶನ್ ಯಾಕೆ?

ಸಿರಿಂಜ್ ಪಂಪ್ (ಸಿರಿಂಜಿಂದ ಔಷಧಿನ ನಿಧಾನಕ್ಕೆ ಪೇಶಂಟ್‌ಗೆ ಕೊಡೋ ಯಂತ್ರ) ಮಾಡ್ತಿದೀವಿ, ಫ್ಲೋ ರೇಟು ಸ್ಪೆಕ್ (ಡಿಸೈನಲ್ಲಿ ಬರೆದಿಟ್ಟ ಮಿತಿ) ಒಳಗೇ ಬರ್ತಿದೆ, ವೆರಿಫಿಕೇಶನ್ ಎಲ್ಲಾ ಪಾಸ್. ಆದ್ರೂ ಕ್ಯೂಎ (ಗುಣಮಟ್ಟ ನೋಡ್ಕೊಳ್ಳೋ) ಮೇಡಂ ನರ್ಸ್‌ಗಳ ಕೈಲಿ ವ್ಯಾಲಿಡೇಶನ್ ಮಾಡಿಸ್ಲೇಬೇಕು ಅಂತಿದಾರೆ. ಎರಡೂ ಒಂದೇ ಅಲ್ವಾ?

ಉತ್ತರ 1: ಖಂಡಿತ ಅಲ್ಲ. ಸ್ಪೆಕ್ ಪ್ರಕಾರ ಮಾಡಿದೀವಾ ಅನ್ನೋದು ವೆರಿಫಿಕೇಶನ್, ವಾರ್ಡಲ್ಲಿ ಬೇಕಾಗಿರೋದನ್ನೇ ಮಾಡಿದೀವಾ ಅನ್ನೋದು ವ್ಯಾಲಿಡೇಶನ್. ನಮ್ ಪಂಪೂ ಎಲ್ಲಾ ಪಾಸ್ ಆಗಿತ್ತು, ಸಿಸ್ಟರ್ ಒಬ್ರು ಗ್ಲೌಸ್ ಹಾಕ್ಕೊಂಡು 5.0 ಒತ್ತಿದ್ರೆ ಚುಕ್ಕಿನೇ ಬೀಳ್ದೆ 50 ಆಗೋಯ್ತು, ಪುಣ್ಯಕ್ಕೆ ಪೇಶಂಟ್ ಜಾಗದಲ್ಲಿ ಬೊಂಬೆ ಇತ್ತು.

ಉತ್ತರ 2: ಮೆಡಿಕಲ್ ಡಿವೈಸ್‌ಗಳ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಸ್‌ಒ 13485:2016ರಲ್ಲಿ ವೆರಿಫಿಕೇಶನ್‌ಗೆ 7.3.6, ವ್ಯಾಲಿಡೇಶನ್‌ಗೆ 7.3.7 ಅಂತ ಬೇರೆಬೇರೆನೇ ಇದೆ. ಥೆರಾಕ್-25 ಅನ್ನೋ ರೇಡಿಯೇಶನ್ ಚಿಕಿತ್ಸೆ ಯಂತ್ರ ನೆನಪಿಸ್ಕೊಳ್ಳಿ, ಹಾರ್ಡ್‌ವೇರ್ ಇಂಟರ್‌ಲಾಕ್ (ತಪ್ಪಾದ್ರೆ ಯಂತ್ರನ ತಡೆಯೋ ಭಾಗ) ತೆಗ್ದು ಸಾಫ್ಟ್‌ವೇರನ್ನೇ ನಂಬಿದ್ರು, 1985–87ರಲ್ಲಿ 6 ಜನಕ್ಕೆ ವಿಪರೀತ ರೇಡಿಯೇಶನ್ ಬಿತ್ತು.

ಕೇಳಿದವರು: ವ್ಯಾಲಿಡೇಶನ್ನ ಪ್ರೊಟೊಟೈಪಲ್ಲಿ ಮಾಡಿದ್ರೆ ನಡಿಯುತ್ತಾ?

ಉತ್ತರ 1: ಇಲ್ಲ, ಪ್ರೊಡಕ್ಷನ್ ಯೂನಿಟ್ ಅಥವಾ ಅದಕ್ಕೆ ಸಮ ಇರೋದೇ ಬೇಕು, ಸಮ ಇರೋದನ್ನ ಬಳಸಿದ್ರೆ ಅದು ಯಾಕೆ ಸಮ ಅಂತಾನೂ ಬರೆದಿಡಿ.